ಪಿಕಾಸೋವಿನ ‘ಆವಿನ್ಯೋಂ ತರುಣಿಯರು’: ಚಿತ್ರಾರ್ಥನಿರ್ಣಯವನ್ನು ಕುರಿತ ಒಂದು ವಿಚಾರ

ಕಾವ್ಯವೊಂದರ ಅರ್ಥವು ವಿವಾದಗ್ರಸ್ತವಾದಾಗ ಅದನ್ನು ನಿರ್ಣಯಿಸುವುದಕ್ಕೆ ನಮ್ಮಲ್ಲಿ ವ್ಯಾಖ್ಯಾನಕಾರರ ಬಹುದೊಡ್ಡ ಪರಂಪರೆಯುಂಟು. ಚಿತ್ರದ ಅರ್ಥವು ವಿವಾದಗ್ರಸ್ತವಾದರೆ ಗತಿಯೇನು? ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಚಿತ್ರವನ್ನು ಬರೆಯುವ ಬಗೆಯನ್ನು ವಿಸ್ತಾರವಾಗಿ ವಿಧಿಸುತ್ತದೆ, ಅಂಗಪ್ರಮಾಣ, ಸ್ಥಾನಭೇದ, ಕ್ಷಯವೃದ್ಧಿ, ವರ್ಣಯೋಜನೆಗಳನ್ನು ಹೇಳುತ್ತದೆ, ಗುಣದೋಷಗಳನ್ನು ಎಣಿಸುತ್ತದೆ. ಕಾಮಸೂತ್ರಕ್ಕೆ ಜಯಮಂಗಲೆಯೆಂಬ ಟೀಕೆಯನ್ನು ಬರೆದ ಯಶೋಧರನು ಚಿತ್ರದ ಷಡಂಗಗಳನ್ನು ಸಂಗ್ರಹಿಸಿ ಕೊಟ್ಟಿದ್ದಾನೆ. ಇವೆಲ್ಲವೂ ಮುಖ್ಯವಾಗಿ ಬರೆಯುವವನಿಗೆ ಬೇಕಾದ ಶಾಸ್ತ್ರ. ಬರೆದು ಮುಗಿದ ಚಿತ್ರವನ್ನು ನೋಡಿ ಇಬ್ಬರು ಸಹೃದಯರು ಎರಡು ಅರ್ಥಗಳನ್ನು ಹೇಳಿದರೆ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬ ಪ್ರಶ್ನೆಯನ್ನು ಇವು ಎತ್ತಿಕೊಳ್ಳುವುದಿಲ್ಲ. ಪ್ರಾಯಶಃ ನಮ್ಮ ಪೂರ್ವಿಕರಿಗೆ ಆ ಸಂದರ್ಭವೇ ಒದಗಲಿಲ್ಲ. ಜಾತಕದ ಕಥೆಯನ್ನೋ ಪುರಾಣದ ಪ್ರಸಂಗವನ್ನೋ ಗೋಡೆಯ ಮೇಲೆ ಬರೆದಾಗ ಅದರ ಅರ್ಥವು ಮೊದಲೇ ನೋಡುವವನ ಮನಸ್ಸಿನಲ್ಲಿರುತ್ತಿತ್ತು.

ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ನವ್ಯಚಿತ್ರಕಲೆಯಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಚಿತ್ರಕಾರನು ಮನುಷ್ಯದೇಹವನ್ನು ಬರೆದಿದ್ದರೂ ಆ ದೇಹ ಯಾರದು, ಯಾವ ಕಥೆಯಲ್ಲಿ ನಿಂತಿದೆ, ಏಕೆ ಹಾಗೆ ವಿಕೃತವಾಗಿದೆ ಎಂಬುದನ್ನು ಹೇಳುವ ಪುರಾಣವಿಲ್ಲ. ಆದ್ದರಿಂದ ಒಂದೊಂದು ಚಿತ್ರಕ್ಕೂ ವ್ಯಾಖ್ಯಾನಗಳ ರಾಶಿಯೇ ಬೆಳೆದಿದೆ. ಅಂಥ ರಾಶಿಗಳಲ್ಲಿ ಅತಿ ಎತ್ತರವಾದದ್ದು ಪಾಬ್ಲೋ ಪಿಕಾಸೋ ಎಂಬ ಸ್ಪೇನ್ ದೇಶದ ಚಿತ್ರಕಾರನು 1907ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ, ಈಗ ‘ಆವಿನ್ಯೋಂ ತರುಣಿಯರು’ ಎಂದು ಹೆಸರಾಗಿರುವ ಚಿತ್ರದ ಸುತ್ತ ಬೆಳೆದುದು. ಆ ವಿವಾದವನ್ನು ಮೀಮಾಂಸಾಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ. ವಾಕ್ಯಾರ್ಥನಿರ್ಣಯಕ್ಕಾಗಿ ಹುಟ್ಟಿದ ಶಾಸ್ತ್ರವನ್ನು ವಾಕ್ಯವೇ ಇಲ್ಲದ ಪಟಕ್ಕೆ ಅನ್ವಯಿಸುವುದು ಸಾಹಸವೆಂದು ಕೆಲವರಿಗೆ ತೋರಬಹುದು. ಆದರೆ ಕವಿಯ ಕರಡುಗಳಿಗೆ ಎಷ್ಟು ಬೆಲೆ, ಅವನು ಮುಪ್ಪಿನಲ್ಲಿ ಆಡಿದ ಮಾತಿಗೆ ಎಷ್ಟು ಬೆಲೆ, ಬೇರೊಬ್ಬರು ಇಟ್ಟ ಶೀರ್ಷಿಕೆಗೆ ಎಷ್ಟು ಬೆಲೆ ಎಂಬ ಪ್ರಶ್ನೆಗಳು ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರಿಗೂ ದಿನದಿನವೂ ಎದುರಾಗತಕ್ಕವೇ. ಇಲ್ಲಿ ನಿರ್ಣಯವಾದುದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಚಿತ್ರದ ವಸ್ತು ವೇಶ್ಯಾಗೃಹವಾದುದರಿಂದ ಪಂಡಿತರ ಪತ್ರಿಕೆಗೆ ಇದು ಸಲ್ಲದೆಂದು ಯಾರಾದರೂ ಆಕ್ಷೇಪಿಸಬಹುದು. ಮೃಚ್ಛಕಟಿಕವನ್ನು ಪಾಠ ಹೇಳುವವರೂ, ದಾಮೋದರಗುಪ್ತನ ಕುಟ್ಟನೀಮತವನ್ನು ಕಪಾಟಿನಲ್ಲಿಟ್ಟುಕೊಂಡವರೂ ಹೀಗೆ ಅಂಜಬೇಕಾದ ಕಾರಣವಿಲ್ಲವೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಮೊದಲು ಚಿತ್ರದ ಸ್ವರೂಪ. ನಾನು ಅಚ್ಚಿನ ಪ್ರತಿಗಳನ್ನು ಮಾತ್ರ ನೋಡಿದವನು. ಮೂಲವು ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿದೆ. ಬಟ್ಟೆಯ ಮೇಲೆ ತೈಲವರ್ಣ. ಎತ್ತರ ಸುಮಾರು 8 ಅಡಿ, ಅಗಲ ಸುಮಾರು 7 ಅಡಿ 8 ಅಂಗುಲ. ಇದರಲ್ಲಿ ಐವರು ವಿವಸ್ತ್ರೆಯರಾದ ಸ್ತ್ರೀಯರಿದ್ದಾರೆ. ಎಡಗಡೆಯ ಕೊನೆಯಲ್ಲಿ ಒಬ್ಬಳು ಕೈಯೆತ್ತಿ ಕೆಂಗಂದು ಬಣ್ಣದ ತೆರೆಯನ್ನು ಸರಿಸುತ್ತ ಪಾರ್ಶ್ವಮುಖಿಯಾಗಿ ನಿಂತಿದ್ದಾಳೆ. ನಡುವೆ ಇಬ್ಬರು ತೋಳುಗಳನ್ನೆತ್ತಿ, ದೊಡ್ಡ ಕಣ್ಣುಗಳಿಂದ ನೇರವಾಗಿ ನಮ್ಮನ್ನೇ ದಿಟ್ಟಿಸುತ್ತಿದ್ದಾರೆ. ಅವರ ಮುಖ ನಮಗೆ ಅಭಿಮುಖವಾಗಿದ್ದರೂ ಮೂಗು ಪಕ್ಕದಿಂದ ಕಂಡಂತೆ ಬರೆಯಲ್ಪಟ್ಟಿದೆ. ಬಲಗಡೆ ಮೇಲ್ಭಾಗದಲ್ಲಿ ಒಬ್ಬಳು ಹಿಂದಿನಿಂದ ನೀಲಿ ತೆರೆಯನ್ನು ಸೀಳಿಕೊಂಡು ಒಳಗೆ ಬರುತ್ತಿದ್ದಾಳೆ. ಅವಳ ಕೆಳಗೆ ಮತ್ತೊಬ್ಬಳು ನಮಗೆ ಬೆನ್ನು ಮಾಡಿ ಕುಕ್ಕರಿಸಿ ಕುಳಿತಿದ್ದಾಳೆ. ಈ ಕೊನೆಯ ಇಬ್ಬರ ಮುಖಗಳು ಮುಖಗಳಂತಿಲ್ಲ. ಮರದಲ್ಲಿ ಕೆತ್ತಿದ ಮುಖವಾಡಗಳಂತೆ, ಗೀರುಗೀರಾಗಿ, ಒಂದು ಕಣ್ಣು ಇನ್ನೊಂದಕ್ಕೆ ಹೊಂದದೆ ಇವೆ. ಕುಳಿತವಳಂತೂ ವಿಚಿತ್ರ: ಚಿತ್ರಸೂತ್ರವು ಹೇಳುವ ಒಂಬತ್ತು ಸ್ಥಾನಗಳಲ್ಲಿ ಅವಳ ಮೈ ಪೃಷ್ಠಾಗತ, ಮುಖ ಋಜ್ವಾಗತ, ಎರಡೂ ಏಕಕಾಲದಲ್ಲಿ, ಕತ್ತಿನ ಸಂಧಿಯೇ ಇಲ್ಲದೆ! ಮೈಗಳ ಬಣ್ಣ ಗುಲಾಬಿ ಮತ್ತು ಕಾವಿ. ಎಲ್ಲ ಅಂಗಗಳೂ ಒಡೆದ ಗಾಜಿನ ಚೂರುಗಳಂತೆ ಕೋನಕೋನವಾಗಿವೆ. ಕೆಳಗೆ ನಡುವೆ, ಬಿಳಿಯ ವಸ್ತ್ರವನ್ನು ಹಾಸಿದ ಮೇಜಿನ ತುದಿಯೊಂದು ಚೂಪಾಗಿ ಮೇಲಕ್ಕೆ ಚಾಚಿದೆ. ಅದರ ಮೇಲೆ ಕೆಲವು ಹಣ್ಣುಗಳು.

ಚಿತ್ರಕಾರನು 1881ರಲ್ಲಿ ಮಾಲಗದಲ್ಲಿ ಹುಟ್ಟಿದವನು. ಇದನ್ನು ಬರೆದಾಗ ಅವನಿಗೆ ಇಪ್ಪತ್ತೈದು ವರ್ಷ. ಮೋಂಮಾರ್ತ್ರ್ ಗುಡ್ಡದ ಮೇಲೆ ‘ಬಾತೋ ಲಾವ್ವಾರ್’ ಎಂಬ ಮುರುಕು ಮನೆಯಲ್ಲಿ ತಿಂಗಳುಗಟ್ಟಲೆ ನೂರಾರು ಕರಡುಗಳನ್ನು ಬರೆದು, 1907ರ ಬೇಸಗೆಯಲ್ಲಿ ಈ ಪಟವನ್ನು ಕೈಬಿಟ್ಟನು. ಮುಗಿಸಿದನೆಂದು ಹೇಳದೆ ಕೈಬಿಟ್ಟನೆಂದು ಹೇಳುವುದಕ್ಕೆ ಕಾರಣ ಮುಂದೆ ತಿಳಿಯುವುದು. ಮಿತ್ರರು ಬೆಚ್ಚಿದರು, ಮಾತೀಸನಂಥ ಹಿರಿಯ ಚಿತ್ರಕಾರನು ಇದನ್ನು ಪರಿಹಾಸವೆಂದು ತಿಳಿದು ಕೋಪಿಸಿಕೊಂಡನಂತೆ. ಗೆಲೆಟ್ ಬರ್ಜೆಸ್ ಎಂಬ ಅಮೆರಿಕನ್ನನು 1910ರಲ್ಲಿ ಒಂದು ವಾಸ್ತುಶಿಲ್ಪ ಪತ್ರಿಕೆಯಲ್ಲಿ ಇದರ ಛಾಯಾಚಿತ್ರವನ್ನು ಅಚ್ಚುಮಾಡಿಸಿದ್ದನ್ನು ಬಿಟ್ಟರೆ ಚಿತ್ರವು ಬಹುಕಾಲ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಮೊದಲ ಬಹಿರಂಗ ಪ್ರದರ್ಶನ 1916ರಲ್ಲಿ. 1924ರಲ್ಲಿ ಆಂದ್ರೆ ಬ್ರೆತೋಂ ಎಂಬ ಕವಿಯ ಪ್ರೇರಣೆಯಿಂದ ಜಾಕ್ ದೂಸೆ ಎಂಬ ಧನಿಕನು ಇದನ್ನು ಕೊಂಡನು. 1939ರಲ್ಲಿ ಇದು ನ್ಯೂಯಾರ್ಕಿಗೆ ಸೇರಿತು. ಚರಿತ್ರೆ ಇಷ್ಟು.

ಇನ್ನು ಅರ್ಥವಿಚಾರ. ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ‘ಆವಿನ್ಯೋಂ ತರುಣಿಯರು’ ಎಂಬ ಹೆಸರು ಚಿತ್ರಕಾರನದಲ್ಲ. 1916ರ ಪ್ರದರ್ಶನವನ್ನು ಏರ್ಪಡಿಸಿದ ಆಂದ್ರೆ ಸಾಲ್ಮೋಂ ಎಂಬ ಸಾಹಿತಿ, ಪೋಲೀಸರ ಮತ್ತು ಸಭ್ಯರ ಕಣ್ಣಿಗೆ ಅಂಜಿಯೋ ಏನೋ, ಗೆಳೆಯರ ಬಳಗದಲ್ಲಿ ಬಳಕೆಯಲ್ಲಿದ್ದ ‘ವೇಶ್ಯಾಗೃಹ’ ಎಂಬ ಮಾತನ್ನು ಬಿಟ್ಟು ‘ತರುಣಿಯರು’ ಎಂಬ ಸೌಮ್ಯವಾದ ಮಾತನ್ನು ಹಾಕಿದನು. ಪಿಕಾಸೋವಿಗೆ ಈ ಹೆಸರು ರುಚಿಸಲಿಲ್ಲ. ಅದನ್ನು ಕೇಳಿದರೆ ತನಗೆ ರೇಗುತ್ತದೆಂದು 1933ರಲ್ಲಿ ಕಾನ್‌ವೈಲರನೊಡನೆ ಹೇಳಿಕೊಂಡನು. ಆವಿನ್ಯೋಂ ಎಂಬುದು ದಕ್ಷಿಣ ಫ್ರಾನ್ಸಿನ ಊರಲ್ಲ, ಬಾರ್ಸಿಲೋನ ಪಟ್ಟಣದ ಅವಿನ್ಯೋ ಎಂಬ ಬೀದಿ ಎಂದೂ ಆಗ ಅವನು ಹೇಳಿದನು.

ಜೈಮಿನಿಯು ವಿನಿಯೋಗವನ್ನು ನಿರ್ಣಯಿಸುವ ಆರು ಪ್ರಮಾಣಗಳನ್ನು ಹೇಳುತ್ತಾನೆ: ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ. ಇವುಗಳಲ್ಲಿ ಎರಡು ಪರಸ್ಪರ ವಿರೋಧಿಸಿದರೆ ಹಿಂದಿನದು ಪ್ರಬಲ, ಮುಂದಿನದು ದುರ್ಬಲ. ಏಕೆಂದರೆ ಮುಂದಿನದು ಹಿಂದಿನವುಗಳನ್ನು ಒಂದೊಂದಾಗಿ ಕಲ್ಪಿಸಿಕೊಂಡೇ ಅರ್ಥವನ್ನು ಮುಟ್ಟಬೇಕು, ಅಷ್ಟರಲ್ಲಿ ಹಿಂದಿನದು ಗುರಿಯನ್ನು ಸೇರಿಬಿಟ್ಟಿರುತ್ತದೆ. ಇಂದ್ರನ ಚಿಹ್ನೆಯುಳ್ಳ ಮಂತ್ರವು ಪ್ರತ್ಯಕ್ಷವಿಧಿಯ ಬಲದಿಂದ ಗಾರ್ಹಪತ್ಯಾಗ್ನಿಯ ಉಪಸ್ಥಾನಕ್ಕೆ ಸಲ್ಲುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಈ ಆರೂ ಚಿತ್ರದಲ್ಲಿ ಯಥಾವತ್ತಾಗಿ ದೊರೆಯುವುವೆಂದು ನಾನು ಹೇಳುವುದಿಲ್ಲ. ಆದರೆ ಕಣ್ಣಿಗೆ ನೇರವಾಗಿ ಕಾಣುವುದು, ಆಕಾರದ ಸಾಮರ್ಥ್ಯದಿಂದ ತೋರುವುದು, ಆಕಾರಗಳ ಪರಸ್ಪರ ಅನ್ವಯದಿಂದ ತೋರುವುದು, ಸುತ್ತಲಿನ ಸಂದರ್ಭದಿಂದ ತೋರುವುದು, ಹೆಸರಿನಿಂದ ತೋರುವುದು ಎಂಬ ಮೆಟ್ಟಿಲುಗಳು ಇಲ್ಲಿಯೂ ಸ್ಪಷ್ಟವಾಗಿವೆ. ಸಮಾಖ್ಯೆಯು ಎಲ್ಲಕ್ಕಿಂತ ಕೆಳಗಿನದು. ಅದರಲ್ಲಿಯೂ ಯಾಜ್ಞಿಕರು ರೂಢಿಯಿಂದ ಇಟ್ಟ ‘ಆಧ್ವರ್ಯವ’ ಮೊದಲಾದ ಹೆಸರುಗಳು ಲೌಕಿಕಸಮಾಖ್ಯೆ. ಸಾಲ್ಮೋಂ ಇಟ್ಟ ಹೆಸರು ಈ ಜಾತಿಯದು. ಆವಿನ್ಯೋಂ ಊರೋ ಬೀದಿಯೋ, ಅಲ್ಲಿ ಅಂಥ ಮನೆ ಇತ್ತೋ ಇಲ್ಲವೋ ಎಂದು ಪುಟಗಟ್ಟಲೆ ಚರ್ಚಿಸಿದವರ ಶ್ರಮವನ್ನು ಕಂಡರೆ, ಕಾವ್ಯವನ್ನೋದದೆ ಅದರ ಶೀರ್ಷಿಕೆಗೆ ವ್ಯುತ್ಪತ್ತಿಯನ್ನು ಹುಡುಕುವ ವಿದ್ಯಾರ್ಥಿಯ ನೆನಪಾಗುತ್ತದೆ. ವೇಶ್ಯಾಗೃಹವೆಂಬುದು ಹೆಸರಿನಿಂದ ಸಿದ್ಧಿಸಬೇಕಾಗಿಲ್ಲ. ಸರಿಸಿದ ತೆರೆ, ಒಡ್ಡಿಕೊಂಡ ಮೈ, ಎದುರಿನವನನ್ನು ತೂಗಿ ನೋಡುವ ಕಣ್ಣು ಎಂಬ ಲಿಂಗಗಳಿಂದಲೇ ಸಿದ್ಧಿಸುತ್ತದೆ.

ಕರಡುಗಳ ಪ್ರಶ್ನೆ ಇದಕ್ಕಿಂತ ಗಹನವಾದುದು. ಮೊದಲಿನ ಕರಡುಗಳಲ್ಲಿ ಏಳು ಜನರಿದ್ದಾರೆ: ಐವರು ಸ್ತ್ರೀಯರು, ನಡುವೆ ಕುಳಿತ ಒಬ್ಬ ನಾವಿಕ, ಎಡಗಡೆ ತೆರೆಯನ್ನು ಸರಿಸಿ ಬರುವ ಒಬ್ಬ ವೈದ್ಯವಿದ್ಯಾರ್ಥಿ. ಬಾಸೆಲ್ ನಗರದಲ್ಲಿರುವ ಒಂದು ಕರಡು ಇದಕ್ಕೆ ಸಾಕ್ಷಿ. ವಿದ್ಯಾರ್ಥಿಯ ಕೈಯಲ್ಲಿ ಕೆಲವೆಡೆ ಪುಸ್ತಕವಿದೆ. ಅವನು ತಲೆಬುರುಡೆಯನ್ನು ಹಿಡಿದಿದ್ದನೆಂದು ಚಿತ್ರಕಾರನೇ ಮುಂದೆ ಹೇಳಿದನು. ಬರಬರುತ್ತ ನಾವಿಕನು ಮಾಯವಾದನು. ವಿದ್ಯಾರ್ಥಿಯು ಮೊದಲು ಸ್ತ್ರೀಯಾಗಿ ಮಾರ್ಪಟ್ಟು, ಈಗ ಎಡಗಡೆ ತೆರೆ ಸರಿಸುತ್ತಿರುವವಳಾಗಿ ಉಳಿದನು. ಫಿಲಡೆಲ್ಫಿಯದಲ್ಲಿರುವ ಜಲವರ್ಣದ ಕರಡಿನಲ್ಲಿ ಆಗಲೇ ಐವರು ಸ್ತ್ರೀಯರು ಮಾತ್ರ ಇದ್ದಾರೆ.

ನ್ಯೂಯಾರ್ಕ್ ಸಂಗ್ರಹಾಲಯದ ಆಲ್ಫ್ರೆಡ್ ಬಾರ್ ಅವರು 1939ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದಾಗ ಎರಡು ಪಕ್ಷಗಳು ಹುಟ್ಟಿಕೊಂಡವು. ತಲೆಬುರುಡೆಯೆಂದರೆ ಮೃತ್ಯು, ಆದಕಾರಣ ಪಾಪದ ಸಂಬಳ ಮರಣವೆಂಬ ನೀತಿಯೇ ಚಿತ್ರದ ತಾತ್ಪರ್ಯವೆಂಬುದು ಒಂದು ಪಕ್ಷ. ಬಾರ್ ಅವರದು ಇನ್ನೊಂದು ಪಕ್ಷ: ಆರಂಭದಲ್ಲಿ ನೀತಿಯ ಉದ್ದೇಶವಿದ್ದರೂ ಮುಂದೆ ಅದೆಲ್ಲ ಕರಗಿಹೋಗಿ ಕೇವಲ ಆಕೃತಿಗಳ ಸಂಯೋಜನೆ ಉಳಿಯಿತು, ಅದನ್ನು ರೇಖೆ ಬಣ್ಣಗಳ ವಿನ್ಯಾಸವಾಗಿ ನೋಡಬೇಕು. ಬಹುಕಾಲ ಈ ಎರಡನೆಯ ಪಕ್ಷವೇ ವಿದ್ವಾಂಸರಲ್ಲಿ ಮಾನ್ಯವಾಗಿತ್ತು.

ಮೀಮಾಂಸಕನಿಗೆ ಎರಡೂ ಪಕ್ಷಗಳು ಅಗ್ರಾಹ್ಯ. ಪ್ರಕೃತಿಯಾಗದಲ್ಲಿ ವಿಹಿತವಾದ ಅಂಗಗಳು ಅತಿದೇಶದಿಂದ ವಿಕೃತಿಯಾಗಕ್ಕೆ ಬರುತ್ತವೆ. ಆದರೆ ಯಾವ ಅಂಗದ ಪ್ರಯೋಜನವು ವಿಕೃತಿಯಲ್ಲಿ ಇಲ್ಲವೋ ಅದು ಬಾಧಿತವಾಗುತ್ತದೆ. ಬತ್ತದ ಬದಲು ಚಿನ್ನದ ಕೃಷ್ಣಲಗಳನ್ನು ಉಪಯೋಗಿಸುವಲ್ಲಿ ಕುಟ್ಟುವ ಕ್ರಿಯೆ ಬಿಟ್ಟುಹೋಗುತ್ತದೆ. ಚಿನ್ನಕ್ಕೆ ಹೊಟ್ಟು ಇಲ್ಲವಷ್ಟೆ. ಕರಡುಗಳು ಪ್ರಕೃತಿ, ಪಟವು ವಿಕೃತಿ ಎಂದು ಇಟ್ಟುಕೊಳ್ಳೋಣ. ತಲೆಬುರುಡೆಯನ್ನು ಚಿತ್ರಕಾರನೇ ಅಳಿಸಿದ ಮೇಲೆ ಅದು ಬಾಧಿತ; ಬಾಧಿತವಾದುದನ್ನು ಮತ್ತೆ ಎಳೆದುತಂದು ಅದರ ಮೇಲೆ ತಾತ್ಪರ್ಯವನ್ನು ನಿಲ್ಲಿಸುವುದು, ಕವಿಯು ಹೊಡೆದುಹಾಕಿದ ಪದ್ಯದಿಂದ ಕಾವ್ಯದ ಅರ್ಥವನ್ನು ಹೇಳಿದಂತೆ. ಇದು ಮೊದಲ ಪಕ್ಷಕ್ಕೆ ಉತ್ತರ. ಆದರೆ ಒಂದೆರಡು ಅಂಗಗಳು ಬಾಧಿತವಾದುವೆಂದು ಸಮಸ್ತವೂ ಬಾಧಿತವಾಗುವುದಿಲ್ಲ. ಬಾಧವು ಪ್ರಯೋಜನಲೋಪವಿರುವಷ್ಟು ಮಟ್ಟಿಗೆ ಮಾತ್ರ. ಕರಡಿನ ತೆರೆ ಪಟಕ್ಕೂ ಬಂದಿದೆ, ಬಾಗಿಲಲ್ಲಿ ನಿಂತವರ ನಿಲುವು ಬಂದಿದೆ, ಹಣ್ಣು ಬಂದಿದೆ. ಮೊದಲ ಕಲ್ಪನೆಯಲ್ಲಿ ಸ್ತ್ರೀಯರು ತಿನ್ನುತ್ತಿದ್ದರೆಂದೂ, ಹಣ್ಣು ಅದರ ಶೇಷವೆಂದೂ ಚಿತ್ರಕಾರನು ಹೇಳಿದ್ದಾನೆ. ಬಂದಿರುವ ಇಷ್ಟನ್ನೂ ಕಣ್ಣುಮುಚ್ಚಿಕೊಂಡು ನಿರಾಕರಿಸಿ ಬರಿಯ ರೇಖಾವಿನ್ಯಾಸವೆನ್ನುವುದು ಹೇಗೆ ಸಲ್ಲುತ್ತದೆ? ಛಂದಸ್ಸು ಸೊಗಸಾಗಿದೆಯೆಂದು ಪದ್ಯಕ್ಕೆ ಅರ್ಥವೇ ಇಲ್ಲವೆಂದರೆ ನಮ್ಮ ಅಲಂಕಾರಿಕರು ಒಪ್ಪುತ್ತಿದ್ದರೆ?

ಮೂರನೆಯ ವಿವಾದವು ಚಿತ್ರದ ಏಕತೆಯನ್ನು ಕುರಿತದ್ದು. ನನ್ನ ದೃಷ್ಟಿಯಲ್ಲಿ ಇದೇ ಮರ್ಮಸ್ಥಾನ. ಎಡದ ಮತ್ತು ನಡುವಣ ಸ್ತ್ರೀಯರು ಒಂದು ಶೈಲಿಯಲ್ಲಿಯೂ ಬಲದ ಇಬ್ಬರು ಬೇರೊಂದು ಶೈಲಿಯಲ್ಲಿಯೂ ಇದ್ದಾರೆ. ಪಿಕಾಸೋವಿನ ವ್ಯಾಪಾರಿಯೂ ಮಿತ್ರನೂ ಆಗಿದ್ದ ಕಾನ್‌ವೈಲರನು 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಈ ಚಿತ್ರವು ಅಪೂರ್ಣವೆಂದೂ, ಅದರ ಬಲಭಾಗವು ಕ್ಯೂಬಿಸಮ್ ಎಂಬ ಹೊಸ ಸಂಪ್ರದಾಯದ ಆರಂಭವೆಂದೂ ಬರೆದನು. ಈ ಮಾತನ್ನು ಒಪ್ಪಿದರೆ ಒಂದು ಪಟದಲ್ಲಿ ಎರಡು ವಾಕ್ಯಗಳಿದ್ದಂತಾಯಿತು. ಎಡಭಾಗ ಹಳೆಯದರ ಕೊನೆ, ಬಲಭಾಗ ಹೊಸದರ ಮೊದಲು. ಇದು ವಾಕ್ಯಭೇದ. ಏಕವಾಕ್ಯತೆಯು ಸಂಭವಿಸುವಾಗ ವಾಕ್ಯಭೇದವನ್ನು ಕಲ್ಪಿಸುವುದು ದೋಷವೆಂಬುದು ಮೀಮಾಂಸಕರ ಮೂಲಮಂತ್ರ. ಆದುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಏಕವಾಕ್ಯತೆ ಸಂಭವಿಸುತ್ತದೆಯೆ?

ಇದಕ್ಕೆ ಉತ್ತರ ಹೇಳುವ ಮೊದಲು ಬಲಭಾಗದ ಮುಖವಾಡಗಳ ಸಂಗತಿಯನ್ನು ನೋಡಬೇಕು. ನಡುವಣ ಇಬ್ಬರ ಮುಖಗಳಿಗೆ ಮೂಲ ಸ್ಪೇನ್ ದೇಶದ ಪ್ರಾಚೀನ ಐಬೀರಿಯನ್ ಶಿಲ್ಪಗಳೆಂಬುದರಲ್ಲಿ ಈಗ ಸಂದೇಹವಿಲ್ಲ. ಅಂಥ ಎರಡು ತಲೆಗಳನ್ನು ಗೆರಿ ಪ್ಯೆರೆ ಎಂಬ ಸಾಹಸಿಯೊಬ್ಬನು 1907ರಲ್ಲಿ ಲೂವ್ರ್ ಸಂಗ್ರಹಾಲಯದಿಂದ ಕದ್ದು ಪಿಕಾಸೋವಿಗೆ ಮಾರಿದ್ದನು. 1911ರಲ್ಲಿ ಮೋನಾ ಲೀಸಾ ಚಿತ್ರವು ಕಳುವಾಗಿ ಗಲಭೆಯೆದ್ದಾಗ ಚಿತ್ರಕಾರನು ಗಾಬರಿಗೊಂಡು ಅವುಗಳನ್ನು ಒಂದು ವೃತ್ತಪತ್ರಿಕೆಯ ಮೂಲಕ ಹಿಂದಿರುಗಿಸಿದನು. ಬಲಭಾಗದ ಮುಖಗಳಾದರೋ ಆಫ್ರಿಕದ ಮುಖವಾಡಗಳನ್ನು ನೆನಪಿಗೆ ತರುತ್ತವೆ. ಇಲ್ಲಿ ಗ್ರಂಥಕರ್ತನ ಎರಡು ಮಾತುಗಳು ಪರಸ್ಪರ ವಿರೋಧಿಸುತ್ತವೆ. ಕ್ರಿಸ್ತಿಯಾಂ ಜೆರ್ವೋಸ್ ಎಂಬ ಸೂಚೀಕಾರನು 1942ರಲ್ಲಿ ಬರೆದಂತೆ, ಈ ಚಿತ್ರವನ್ನು ಬರೆಯುವಾಗ ತನಗೆ ಆಫ್ರಿಕದ ಶಿಲ್ಪದ ಪರಿಚಯವಿರಲಿಲ್ಲವೆಂದು ಪಿಕಾಸೋ ಹೇಳಿದನು. ಆಂದ್ರೆ ಮಾಲ್ರೋ 1974ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರವಾದರೋ, 1937ರ ಒಂದು ಸಂಭಾಷಣೆಯಲ್ಲಿ ಪಿಕಾಸೋ ತ್ರೊಕಾದೆರೋ ಸಂಗ್ರಹಾಲಯದಲ್ಲಿ ಮುಖವಾಡಗಳನ್ನು ಕಂಡ ಬಗೆಯನ್ನು ವರ್ಣಿಸಿ, ಅವು ಭಯಂಕರಶಕ್ತಿಗಳಿಗೂ ಮನುಷ್ಯನಿಗೂ ನಡುವೆ ನಿಲ್ಲುವ ಮಧ್ಯವರ್ತಿಗಳೆಂದು ತನಗೆ ಹೊಳೆಯಿತೆಂದೂ, ಈ ಚಿತ್ರವು ತನ್ನ ಮೊದಲ ಭೂತೋಚ್ಚಾಟನೆಯ ಚಿತ್ರವೆಂದೂ ಹೇಳಿದನು.

ಸಮಬಲವುಳ್ಳ ಎರಡು ವಚನಗಳು ವಿರೋಧಿಸಿದರೆ ವಿಕಲ್ಪವನ್ನು ಒಪ್ಪಬೇಕಾಗುತ್ತದೆ. ವಿಕಲ್ಪಕ್ಕಾದರೋ ಎಂಟು ದೋಷಗಳು. ಆದ್ದರಿಂದ ಬೇರೆ ಗತಿಯನ್ನು ಹುಡುಕಬೇಕು. ಮೊದಲನೆಯದಾಗಿ ಇವೆರಡೂ ಸ್ಮೃತಿಗಳೇ, ಶ್ರುತಿಯಲ್ಲ, ಶ್ರುತಿಸ್ಥಾನದಲ್ಲಿರುವುದು ಪಟವೊಂದೇ. ಎರಡನೆಯದಾಗಿ, ಸ್ಮೃತಿಗೆ ಲೋಭಾದಿಗಳಾದ ದೃಷ್ಟಹೇತು ಕಾಣಿಸಿದರೆ ಅದರ ಪ್ರಾಮಾಣ್ಯ ಶಿಥಿಲವಾಗುತ್ತದೆಂದು ಜೈಮಿನಿಯು ಹೇಳಿದ್ದಾನೆ. ತನ್ನದೆಲ್ಲ ಆಫ್ರಿಕದಿಂದ ಎರವಲು ತಂದುದೆಂಬ ಮಾತನ್ನು ಕೇಳಿ ಬೇಸತ್ತ ಚಿತ್ರಕಾರನ ನಿರಾಕರಣೆಯಲ್ಲಿ ಅಂಥ ಹೇತು ಕಾಣಬಹುದು. ಮೂವತ್ತೇಳು ವರ್ಷಗಳ ಮೇಲೆ, ಅದೂ ಮಾತನಾಡಿದವನು 1973ರಲ್ಲಿ ತೀರಿಕೊಂಡ ಮರುವರ್ಷ, ಆ ಮಾತನ್ನು ಅಚ್ಚುಮಾಡಿದ ಕಾದಂಬರಿಕಾರನ ನಿರರ್ಗಳ ಶೈಲಿಯಲ್ಲಿಯೂ ಹೇತು ಕಾಣಬಹುದು. ಪಟವು ಏನು ಹೇಳುತ್ತದೆ? ಅದರ ಒಳಪದರಗಳನ್ನು ಪರೀಕ್ಷಿಸಿದವರೂ ಕರಡುಗಳನ್ನು ಹೋಲಿಸಿದವರೂ ಬಲಗಡೆಯ ಎರಡು ತಲೆಗಳು ಅನಂತರ ತಿದ್ದಲ್ಪಟ್ಟುವೆಂದು ಬಹುಮಟ್ಟಿಗೆ ಒಪ್ಪುತ್ತಾರೆ. ಹಾಗಾದರೆ ವಿಷಯಭೇದದಿಂದ ವಿರೋಧವು ಬಗೆಹರಿಯುತ್ತದೆ: ಕಲ್ಪಿಸುವಾಗ ಆಫ್ರಿಕವಿರಲಿಲ್ಲ, ತಿದ್ದುವಾಗ ಇತ್ತು. ವಿಲಿಯಂ ರೂಬಿನ್ ಎಂಬ ವಿದ್ವಾಂಸರು 1984ರಲ್ಲಿ, ಸಾಮಾನ್ಯವಾಗಿ ಹೋಲಿಕೆಗೆಂದು ತೋರಿಸುವ ಮುಖವಾಡಗಳು 1907ರ ಪ್ಯಾರಿಸ್ಸಿನಲ್ಲಿ ನೋಡಲು ದೊರೆಯುತ್ತಿರಲಿಲ್ಲವೆಂದು ವಾದಿಸಿದರು. ಅದರಿಂದ ಯಾವುದೋ ಒಂದು ಮುಖವಾಡದ ಅನುಕರಣೆ ಎಂಬುದು ಬಿದ್ದುಹೋಗುತ್ತದೆಯೇ ಹೊರತು ಸಂಬಂಧವೇ ಬಿದ್ದುಹೋಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ತ್ರೊಕಾದೆರೋವಿನ ಆ ಮುಖವಾಡಗಳಲ್ಲಿ ಬಹಳಷ್ಟು ಫ್ರೆಂಚರ ವಸಾಹತುಗಳಿಂದ ಬಂದವು. ಅವುಗಳನ್ನು ಕೆತ್ತಿದವರ ಹೆಸರು, ಅವು ಯಾವ ಉತ್ಸವಕ್ಕೆ ಸಲ್ಲುತ್ತಿದ್ದವು ಎಂಬ ವಿವರ, ಅವನ್ನು ನೋಡಿ ಬೆರಗಾದ ಚಿತ್ರಕಾರರಿಗೆ ಬೇಕಾಗಿರಲಿಲ್ಲ. ಯಾರದೋ ದೇವತೆ ಮತ್ತೊಬ್ಬರ ಚಿತ್ರದಲ್ಲಿ ಬರಿಯ ಭಯದ ಚಿಹ್ನೆಯಾಗುವುದನ್ನು, ತಮ್ಮ ದೇವಾಲಯಗಳ ಮೂರ್ತಿಗಳನ್ನು ಅನ್ಯದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಕಂಡಿರುವ ನಮ್ಮವರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಮುಂದು ಹಿಂದುಗಳನ್ನು ಒಟ್ಟಿಗೆ ತೋರಿಸುವ ಈ ಬಗೆ ನಮ್ಮ ಶಿಲ್ಪಿಗಳಿಗೂ ತಿಳಿದಿತ್ತೆಂದು ಹೆಮ್ಮೆಪಡುವವರೂ ಇರುವರು. ಆ ವಾದದಲ್ಲಿ ನನಗೆ ಉತ್ಸಾಹವಿಲ್ಲ. ನಮ್ಮ ಶಿಲ್ಪಿಯು ಭಂಗಿಯನ್ನು ಎಷ್ಟೇ ತಿರುಚಿದರೂ ದೇಹವನ್ನು ಒಡೆಯುವುದಿಲ್ಲ.

ಈಗ ಏಕವಾಕ್ಯತೆಗೆ ಬರೋಣ. ಬಿಡಿಸಿದರೆ ಪರಸ್ಪರ ಆಕಾಂಕ್ಷೆಯುಳ್ಳವಾಗಿದ್ದು, ಕೂಡಿದರೆ ಒಂದೇ ಪ್ರಯೋಜನವನ್ನು ತಿಳಿಸುವ ಪದಸಮೂಹವು ಒಂದು ವಾಕ್ಯವೆಂಬುದು ಜೈಮಿನಿಯ ಲಕ್ಷಣ. ಈ ಐವರಲ್ಲಿ ಪರಸ್ಪರ ಆಕಾಂಕ್ಷೆಯಿದೆಯೆ? ಒಬ್ಬಳು ಇನ್ನೊಬ್ಬಳನ್ನು ನೋಡುವುದಿಲ್ಲ, ಮಾತಿಲ್ಲ, ಸ್ಪರ್ಶವಿಲ್ಲ. ಕರಡುಗಳಲ್ಲಿ ಬರುವವನ ಕಡೆಗೆ ತಿರುಗಿದ್ದ ಮುಖಗಳು ಪಟದಲ್ಲಿ ಒಂದೊಂದೂ ಏಕಾಕಿ. ಇಷ್ಟನ್ನು ನೋಡಿ ವಾಕ್ಯಭೇದವೇ ಸರಿಯೆಂದು ತೋರುವುದು ಸಹಜ. ಲಿಯೋ ಸ್ಟೈನ್‌ಬರ್ಗ್ ಎಂಬ ಪಂಡಿತರು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಗ್ಗಂಟನ್ನು ಬಿಡಿಸಿದರು. ಅವರ ಅಭಿಪ್ರಾಯದ ಸಾರವಿಷ್ಟು: ಚಿತ್ರದ ಏಕತೆಯನ್ನು ಚಿತ್ರದೊಳಗೆ ಹುಡುಕಬಾರದು, ಈ ಸ್ತ್ರೀಯರೆಲ್ಲರ ದೃಷ್ಟಿಗೆ ಗುರಿಯಾದ ಪ್ರೇಕ್ಷಕನಲ್ಲಿ ಹುಡುಕಬೇಕು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕಾರಕಪದಗಳಿಗೆ ಪರಸ್ಪರ ಅನ್ವಯವಿಲ್ಲ. ಅವೆಲ್ಲಕ್ಕೂ ಅನ್ವಯ ಕ್ರಿಯಾಪದದಲ್ಲಿ. ಇಲ್ಲಿ ಕ್ರಿಯಾಪದವು ಪಟದ ಮೇಲೆ ಬರೆಯಲ್ಪಟ್ಟಿಲ್ಲ. ಪಟದ ಮುಂದೆ ನಿಂತಿದೆ. ಅದನ್ನು ಅಧ್ಯಾಹಾರಮಾಡಿಕೊಂಡ ಕೂಡಲೆ ಐದೂ ಸಾಕಾಂಕ್ಷವಾಗುತ್ತವೆ, ಒಂದೇ ವಾಕ್ಯವಾಗುತ್ತದೆ.

ನಮ್ಮ ಸಾಹಿತ್ಯದ ಭಾಣವೆಂಬ ರೂಪಕವನ್ನು ನೆನೆದರೆ ಇದು ಇನ್ನೂ ವಿಶದವಾಗುತ್ತದೆ. ಉಭಯಾಭಿಸಾರಿಕೆಯಂಥ ಭಾಣದಲ್ಲಿ ರಂಗದ ಮೇಲೆ ವಿಟನೊಬ್ಬನೇ ಇರುತ್ತಾನೆ; ವೇಶವಾಟದಲ್ಲಿ ಅಡ್ಡಾಡುತ್ತ, ಕಾಣದ ಗಣಿಕೆಯರ ಮಾತನ್ನು ತಾನೇ ಆಕಾಶಭಾಷಿತದಿಂದ ಅನುವದಿಸುತ್ತ, ತಾನೇ ಉತ್ತರ ಹೇಳುತ್ತ ಹೋಗುತ್ತಾನ. ನಾವು ಸ್ತ್ರೀಯರನ್ನು ನೋಡುವುದೇ ಇಲ್ಲ. ವಿಟನ ಕಣ್ಣಿನಿಂದ, ವಿಟನ ಬಾಯಿಂದ ಅವರನ್ನು ತಿಳಿಯುತ್ತೇವೆ. ವಿಟನು ನಮಗೆ ಬೇಲಿಯಂತೆ. ರಸಿಕತೆಯೂ ಅವನದೇ, ಅಪರಾಧವೂ ಅವನದೇ. ಪಿಕಾಸೋ ಮಾಡಿದ್ದು ಭಾಣದ ವಿಪರ್ಯಾಸ. ಕರಡಿನಲ್ಲಿ ನಾವಿಕನೂ ವಿದ್ಯಾರ್ಥಿಯೂ ವಿಟನ ಸ್ಥಾನದಲ್ಲಿದ್ದರು. ಅವರನ್ನು ತೆಗೆದುಹಾಕಿ, ವಿಟನು ಯಾರೊಡನೆ ಮಾತನಾಡುತ್ತಿದ್ದನೋ ಅವರನ್ನು ಮಾತ್ರ ಉಳಿಸಿದನು. ಬೇಲಿ ಹೋಯಿತು. ಈಗ ಅವರು ಯಾರನ್ನು ನೋಡಬೇಕು?

ಹೀಗೆ ನೋಡಿದರೆ ಶೈಲಿಭೇದಕ್ಕೂ ಅರ್ಥ ದೊರೆಯುತ್ತದೆ. ಶೃಂಗಾರಕ್ಕೆ ಬೀಭತ್ಸವು ವಿರೋಧಿಯೆಂದೂ, ವಿರುದ್ಧರಸಗಳನ್ನು ಒಂದೆಡೆ ತರುವುದಾದರೆ ಒಂದನ್ನು ಅಂಗವಾಗಿಯಾದರೂ ಮಾಡಬೇಕು, ನಡುವೆ ಬೇರೊಂದು ರಸದ ವ್ಯವಧಾನವನ್ನಾದರೂ ಇಡಬೇಕೆಂದೂ ಆನಂದವರ್ಧನನು ವಿಧಿಸಿದ್ದಾನೆ. ಪಿಕಾಸೋ ವ್ಯವಧಾನವನ್ನಿಡಲಿಲ್ಲ. ನಡುವಣವರ ಎತ್ತಿದ ತೋಳುಗಳಲ್ಲಿ ಯೂರೋಪಿನ ಚಿತ್ರಗಳ ಸುಂದರಿಯರ ಹಳೆಯ ಭಂಗಿ ಇನ್ನೂ ಉಳಿದಿದೆ. ಅಲ್ಲಿಂದ ಕಣ್ಣು ಬಲಕ್ಕೆ ಸರಿದಕೂಡಲೆ ಶೃಂಗಾರವು ಬೀಭತ್ಸಭಯಾನಕಗಳಿಗೆ ಅಂಗವಾಗಿಹೋಗುತ್ತದೆ. ಎರಡು ಶೈಲಿಗಳು ಎರಡು ವಾಕ್ಯಗಳಲ್ಲ. ಒಂದೇ ವಾಕ್ಯದಲ್ಲಿ ಸ್ವರವು ಏರುತ್ತಹೋಗುವ ಕಾಕು. ಕಾನ್‌ವೈಲರನು ಅಪೂರ್ಣತೆಯೆಂದು ತಿಳಿದದ್ದು ಅಪೂರ್ಣತೆಯಲ್ಲವೆಂದು ನಾನು ಬಗೆಯುತ್ತೇನೆ. ಚಿತ್ರಕಾರನು ಎಡಭಾಗವನ್ನು ತಿದ್ದದೆ ಬಿಟ್ಟದ್ದು ಸಮಯವಿಲ್ಲದುದರಿಂದಲೋ ಬೇಸರದಿಂದಲೋ ಇರಬಹುದು. ಆದರೆ ಬಳಿಕ ಹದಿನೇಳು ವರ್ಷ ಪಟವು ಅವನ ಕೈಯಲ್ಲಿಯೇ ಇದ್ದಿತು, ತಿದ್ದಬೇಕೆಂದಿದ್ದರೆ ತಿದ್ದಬಹುದಾಗಿತ್ತು.

ಸ್ಟೈನ್‌ಬರ್ಗರ ವ್ಯಾಖ್ಯಾನಕ್ಕೆ ಆನ್ನಾ ಚೇವ್ ಎಂಬ ವಿದುಷಿ 1994ರಲ್ಲಿ ಎತ್ತಿದ ಆಕ್ಷೇಪವು ಬಲವಾದುದು. ಎದುರಿನ ಪ್ರೇಕ್ಷಕನೆಂದು ನೀವು ಹೇಳುವವನು ಪುರುಷನೇ ಅಲ್ಲವೆ? ಸ್ತ್ರೀಯೊಬ್ಬಳು ಈ ಪಟದ ಮುಂದೆ ನಿಂತರೆ ಅವಳನ್ನು ಗಿರಾಕಿಯಾಗಿ ಈ ಕಣ್ಣುಗಳು ತೂಗುವುದು ಹೇಗೆ? ಹಾಗಾದರೆ ಅವಳಿಗೆ ಈ ಚಿತ್ರದಲ್ಲಿ ಅಧಿಕಾರವಿಲ್ಲವೆ? ಇದೇ ಪ್ರಶ್ನೆ ಜೈಮಿನಿಯ ಆರನೆಯ ಅಧ್ಯಾಯದ ಆದಿಯಲ್ಲಿಯೂ ಬಂದಿದೆ. ಸ್ವರ್ಗವನ್ನು ಬಯಸುವವನು ಯಜಿಸಬೇಕೆಂಬ ವಿಧಿಯಲ್ಲಿ ಪುಲ್ಲಿಂಗವಿರುವುದರಿಂದ ಪುರುಷನಿಗೆ ಮಾತ್ರ ಅಧಿಕಾರವೆಂದು ಐತಿಶಾಯನನ ಪಕ್ಷ. ಲಿಂಗವು ವಿವಕ್ಷಿತವಲ್ಲ, ಕಾಮನೆಯುಳ್ಳ ಜಾತಿಗೆಲ್ಲ ಅಧಿಕಾರವೆಂದು ಬಾದರಾಯಣನ ಮತವನ್ನು ಉದಾಹರಿಸಿ ಸಿದ್ಧಾಂತ. ಅದೇ ನ್ಯಾಯವನ್ನು ಇಲ್ಲಿ ತರಬಹುದೆಂದು ತೋರುತ್ತದೆ. ಕರಡಿನಲ್ಲಿ ಪ್ರೇಕ್ಷಕನ ಪ್ರತಿನಿಧಿಗಳು ಪುರುಷರು. ಅಲ್ಲಿ ಪುಂಸ್ತ್ವ ವಿವಕ್ಷಿತವೇ ಸರಿ. ಪಟದಲ್ಲಿ ಅವರಿಲ್ಲ. ಅಲ್ಲದೆ ವಿದ್ಯಾರ್ಥಿಯ ಜಾಗದಲ್ಲಿ, ಅವನು ಹಿಡಿದಿದ್ದ ತೆರೆಯನ್ನೇ ಹಿಡಿದುಕೊಂಡು ಈಗ ಸ್ತ್ರೀಯೇ ನಿಂತಿದ್ದಾಳೆ! ಹೊರಗಿನಿಂದ ನೋಡುವವನ ಸ್ಥಾನವು ಸ್ತ್ರೀಗೂ ಸಲ್ಲುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಿಂಗ ಬೇಕಿಲ್ಲ. ಚಿತ್ರಕಾರನು ಹೀಗೆಂದು ಉದ್ದೇಶಿಸಿದ್ದನೋ ಇಲ್ಲವೋ ಎಂದು ಕೇಳುವವರಿಗೆ, ಅಪೌರುಷೇಯವಾದ ವಾಕ್ಯಕ್ಕೆ ಅರ್ಥ ಹೇಳಲು ಕಟ್ಟಿದ ಶಾಸ್ತ್ರದಲ್ಲಿ ಕರ್ತನ ಉದ್ದೇಶಕ್ಕೆ ಪೀಠವಿಲ್ಲವೆಂದು ಉತ್ತರ.

ನಾವಿಕನನ್ನು ತೆಗೆದದ್ದೇಕೆ ಎಂಬುದೊಂದು ಉಳಿಯಿತು. ರೂಪವಿನ್ಯಾಸಕ್ಕಾಗಿ ಎಂದು ಬಾರ್ ಅವರ ಪಕ್ಷ. ಪ್ರೇಕ್ಷಕನನ್ನು ಒಳಗೆಳೆಯಲು ಎಂದು ಸ್ಟೈನ್‌ಬರ್ಗರ ಪಕ್ಷ. ಮೀಮಾಂಸಕರ ಪ್ರತಿನಿಧಿನ್ಯಾಯವು ಎರಡನೆಯದಕ್ಕೆ ಉಪೋದ್ಬಲಕವಾಗಿದೆ. ಯಾಗದಲ್ಲಿ ವ್ರೀಹಿ ದೊರೆಯದಿದ್ದರೆ ನೀವಾರವನ್ನು ಪ್ರತಿನಿಧಿಯಾಗಿ ಉಪಯೋಗಿಸಬಹುದು. ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲ. ಫಲವು ಯಾರಿಗೆ ಸೇರಬೇಕೋ ಅವನ ಬದಲು ಇನ್ನೊಬ್ಬನು ನಿಲ್ಲಲಾರನು. ನಾವಿಕನು ನಮ್ಮ ಬದಲಾಗಿ ಕುಳಿತಿರುವವರೆಗೂ ಆ ಮನೆಗೆ ಹೋದವನು ಅವನು, ನಾವಲ್ಲ. ಆ ಕಣ್ಣುಗಳು ತೂಗುವುದೂ ಅವನನ್ನೇ. ಪಟದ ಕೆಳಗಣ ಮೇಜನ್ನು ಇನ್ನೊಮ್ಮೆ ನೋಡಬೇಕು. ಅದರ ಬುಡವು ಚೌಕಟ್ಟಿನ ಅಂಚಿನಲ್ಲಿ ಕತ್ತರಿಸಿಹೋಗಿದೆ. ಉಳಿದ ಭಾಗವು ನಾವು ನಿಂತಿರುವ ಕಡೆಯಲ್ಲಿಯೇ ಇರಬೇಕು. ಅದರ ಚೂಪಾದ ತುದಿ ಮಾತ್ರ ಅವರ ಕಡೆಗೆ ಚಾಚಿದೆ. ಮೇಲೆ ಒಂದು ಗೊಂಚಲು ದ್ರಾಕ್ಷಿ, ಕೆಲವು ಹಣ್ಣು, ಕುಡುಗೋಲಿನಂತೆ ಬಾಗಿದ ಕೆಂಪು ಕರಬೂಜದ ಹೋಳು. ಅದನ್ನು ಯಾರೂ ಇನ್ನೂ ಮುಟ್ಟಿಲ್ಲ.